ಹತ್ತಿ ಗಿರಣಿಯಲ್ಲಿ ಅಕ್ಕನ ಅಳತೆ

ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಕಬ್ಬಿಣದ ಮುಕ್ಕಾಲಿ ಇದೆ. ಬಿಸಿ ಪಾತ್ರೆ ಇಡುವುದಕ್ಕೆ. ಮೂರು ಕಾಲಿನ ವಸ್ತು ಎಲ್ಲಿಟ್ಟರೂ ಅಲುಗಾಡುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ನನ್ನದೂ ಅಲುಗಾಡುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ವಾಲುತ್ತದೆ. ಅದರ ಮೇಲೆ ಬೇಳೆಸಾರಿನ ಪಾತ್ರೆ ಇಟ್ಟರೆ ಸಾರೆಲ್ಲ ಕಿಟಕಿಯ ಕಡೆ ಸರಿದು ನಿಲ್ಲುತ್ತದೆ. ಮನೆಗೆ ಬಂದ ನೆಂಟರಲ್ಲಿ ಯಾರಾದರೊಬ್ಬರು ಕಾಗದ ಮಡಚಿ ಅದರ ಕಾಲ ಕೆಳಗೆ ತುರುಕಲು ಹೋಗುತ್ತಾರೆ.

"ಬ್ಯಾಡ್ರಿ, ಅದು ಹಂಗೇ ಇರಲಿ," ಅನ್ನುತ್ತೇನೆ.

"ಎಲ್ಲಿ ತಗೊಂಡ್ರಿ ಇದನ್ನ? ಅಂಗಡ್ಯಾವ ನಿಮಗ ಪೂರಾ ಟೋಪಿ ಹಾಕ್ಯಾನ."

"ಅಂಗಡೀದಲ್ರಿ. ನಾನೇ ವೆಲ್ಡಿಂಗ್ ಮಾಡೀನಿ."

ಆಗ ಅವರು ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ನನ್ನ ನರೆತ ತಲೆ ನೋಡುತ್ತಾರೆ, ಕೊನೆಗೆ ನಮ್ಮ ಯಜಮಾನರ ಮುಖ ನೋಡುತ್ತಾರೆ. ಯಜಮಾನರು ಫ್ಯಾನ್ ನೋಡುತ್ತಾ ಕೂತಿರುತ್ತಾರೆ.

ನೀವೂ ನಂಬದಿದ್ದರೆ ನನಗೆ ಬೇಸರವಿಲ್ಲ. ನೌಕರಿಯುದ್ದಕ್ಕೂ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತವಳು ನಾನು. ಕೈಗೆ ಬಂದಿದ್ದ ಒಂದೇ ವಿದ್ಯೆ ಠಸ್ಸೆ ಹೊಡೆಯುವುದು. ಗಿರಣಿಯಲ್ಲಿ ಮೊದಲ ದಿನ ಸುತ್ತಿಗೆ ಕೊಟ್ಟಾಗಲೂ ಠಸ್ಸೆ ಹೊಡೆದ ಹಾಗೆಯೇ ಹೊಡೆದೆ. ಕಬ್ಬಿಣದ ಪಟ್ಟಿ ಇದ್ದಂತೆಯೇ ಇತ್ತು, ಹೆಬ್ಬೆರಳು ಮಾತ್ರ ಚಪ್ಪಟೆಯಾಯಿತು. ಆ ವಾರವೆಲ್ಲ ಮನೆಯಲ್ಲಿ ರೊಟ್ಟಿ ಮುರಿಯುವುದಕ್ಕೂ ಯಜಮಾನರನ್ನೇ ಕರೆದೆ.

ಗಿರಣಿ ಅಂದರೆ ಹಿಟ್ಟಿನ ಗಿರಣಿ ಅಂದುಕೊಳ್ಳಬೇಡಿ. ಶಹಾಪುರದ ಹಳೆಯ ಹತ್ತಿ ಗಿರಣಿ. ನಮ್ಮಪ್ಪ ಅಲ್ಲಿ ತೂಕದ ಕೆಲಸಕ್ಕಿದ್ದರು. ಸುಗ್ಗಿಯ ದಿನಗಳಲ್ಲಿ ಹತ್ತಿ ತುಂಬಿದ ಬಂಡಿಗಳು ರಸ್ತೆಯುದ್ದಕ್ಕೂ ನಿಂತಿರುತ್ತಿದ್ದವು. ನಮ್ಮ ಓಣಿಯ ಬೇವಿನ ಗಿಡ, ಕಟ್ಟೆ, ಒಣಹಾಕಿದ ಶಾವಿಗೆ, ಎಲ್ಲಕ್ಕೂ ಹತ್ತಿಯ ಎಳೆ ಮೆತ್ತಿಕೊಂಡಿರುತ್ತಿತ್ತು. ಅಪ್ಪ ಮನೆಗೆ ಬಂದರೆ ಹುಬ್ಬು ಬೆಳ್ಳಗಿರುತ್ತಿದ್ದವು. ಅವರು ಮುದುಕರಾಗಿಬಿಟ್ಟರು ಅಂತ ಒಮ್ಮೆ ನಾನು ಬಿಕ್ಕಿ ಬಿಕ್ಕಿ ಅತ್ತೆನಂತೆ. ಹಾಗಂತ ಅಕ್ಕ ಹೇಳುತ್ತಾಳೆ. ಅಕ್ಕ ನನ್ನ ಬಗ್ಗೆ ಹೇಳುವ ಕಥೆಗಳಲ್ಲೆಲ್ಲ ನಾನು ಒಂದೋ ಅಳುತ್ತಿರುತ್ತೇನೆ, ಇಲ್ಲವೇ ಏನಾದರೂ ತಿನ್ನುತ್ತಿರುತ್ತೇನೆ.

ಗಿರಣಿಯೊಳಗೆ ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲ. "ಜಡಿ ಮಷೀನಿಗಿ ಸಿಗತದ, ಹೋಗ್ರಿ ಅತ್ತಾಗ," ಎಂದು ಬಾಗಿಲಲ್ಲಿದ್ದವನು ಗದರುತ್ತಿದ್ದ. ನಾನು ಅಕ್ಕನ ಸೊಂಟದ ಮೇಲೆ ಕೂತು ಬಾಗಿಲ ಸಂದಿಯಲ್ಲಿ ಕಣ್ಣಿಡುತ್ತಿದ್ದೆ. ಏನೋ ತಿರುಗುತ್ತಿತ್ತು, ಏನೋ ಗಡಗಡ ಅನ್ನುತ್ತಿತ್ತು, ಬೆಳ್ಳಗೆ ಏನೋ ಹಾರುತ್ತಿತ್ತು. ಅಷ್ಟೇ ಕಂಡದ್ದು.

ಕಬ್ಬಿಣ ಬಡಿಯುವ ಹೆಂಗಸನ್ನು ನಾನು ನೋಡಿದ್ದು ಬೇರೆ ಕಡೆ. ಸುಗ್ಗಿ ಮುಗಿದ ಮೇಲೆ ಬೈಲಕಮ್ಮಾರರು ಬಂಡಿ ಹೊಡೆದುಕೊಂಡು ಬಂದು ಊರ ಹೊರಗೆ ಬಿಡಾರ ಹೂಡುತ್ತಿದ್ದರು. ಗಂಡ ಕೂತು ಇಕ್ಕಳದಲ್ಲಿ ಕೆಂಪಗೆ ಕಾದ ಕುಡಗೋಲು ಹಿಡಿಯುತ್ತಿದ್ದ, ಹೆಂಡತಿ ನಿಂತು ದೊಡ್ಡ ಸುತ್ತಿಗೆ ಎತ್ತಿ ಹೊಡೆಯುತ್ತಿದ್ದಳು. ಏನು ಹೊಡೆತ ಅಂತೀರಿ! ಬಳೆ ಮೊಣಕೈವರೆಗೆ ಜಾರುತ್ತಿದ್ದವು, ಮತ್ತೆ ಮಣಿಕಟ್ಟಿಗೆ ಬರುತ್ತಿದ್ದವು. "ಅಕ್ಕಾ, ನಾನೂ ಹಂಗ ಬಡೀತೀನಿ," ಅಂದೆ. ಅಕ್ಕ ನನ್ನ ತೊಡೆ ಚಿವುಟಿ, "ಮೊದಲ ಸುಂಬಳ ಒರಸಿಕೊಳ್ಳದ ಕಲಿ," ಅಂದಳು. ನಮ್ಮವ್ವ ತೀರಿಕೊಂಡಾಗ ನನಗಿನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ನನ್ನನ್ನು ಎತ್ತಿ ಆಡಿಸಿದವಳು, ಬೈದವಳು, ತಿದ್ದಿದವಳು, ಉಣಿಸಿದವಳು ಎಲ್ಲ ನೀಲಕ್ಕನೇ.

ಇರಲಿ, ಗಿರಣಿಯ ಮಾತಿಗೆ ಬರುತ್ತೇನೆ. ಹೊಸ ಗಿರಣಿಗಳು ಬಂದ ಮೇಲೆ ಅದು ಮುಚ್ಚಿತು. ಎಷ್ಟೋ ಕಾಲ ಅದರಲ್ಲಿ ಪಾರಿವಾಳಗಳದ್ದೇ ಸಂಸಾರ. ಈಗ ಕೆಲವು ವರ್ಷಗಳ ಹಿಂದೆ ಕೆಲವರು ಸೇರಿ ಒಂದು ಟ್ರಸ್ಟ್ ಮಾಡಿಕೊಂಡು, ಗಿರಣಿಯ ವಾರಸುದಾರರನ್ನು ಒಪ್ಪಿಸಿ, ಆ ದೊಡ್ಡ ಶೆಡ್ಡಿನಲ್ಲಿ ಎಲ್ಲರಿಗೂ ಕಬ್ಬಿಣದ ಕೆಲಸ ಕಲಿಸುವ ಜಾಗ ಮಾಡಿದರು. ವೆಲ್ಡಿಂಗ್ ಉಂಟು, ಲೇಥ್ ಉಂಟು, ಒಂದು ಮೂಲೆಯಲ್ಲಿ ಕುಲುಮೆ ಉಂಟು, ಇನ್ನೊಂದು ಮೂಲೆಯಲ್ಲಿ ಹಿತ್ತಾಳೆ ಕರಗಿಸಿ ಎರಕ ಹೊಯ್ಯುತ್ತಾರೆ. ಲಾಭದ ಉದ್ದೇಶವಿಲ್ಲ. ಯಾರು ಬೇಕಾದರೂ ಬರಬಹುದು. ಬಾಗಿಲ ಮೇಲೆ "ಎಲ್ಲರ ಕುಲುಮೆ" ಎಂದು ಚಂದದ ಫಲಕ ಇದೆ. ಆ ಹೆಸರಿನಿಂದ ಅದನ್ನು ಯಾರೂ ಕರೆಯುವುದಿಲ್ಲ. ಶಹಾಪುರದವರಿಗೆ ಅದು ಈಗಲೂ ಗಿರಣಿಯೇ.

ನಾನು ನಿವೃತ್ತಿಯಾದ ಮೇಲೆ ಒಂದು ದಿನ ಮಾರ್ಕೆಟ್ಟಿಗೆ ಹೋಗುವಾಗ ಆ ಬಾಗಿಲು ಹಾರುಹೊಡೆದಿತ್ತು. ನನ್ನ ಕಾಲು ತಾವೇ ನಿಂತವು. ಒಳಗೆ ರೈತನೊಬ್ಬ ತನ್ನ ಔಷಧ ಹೊಡೆಯುವ ಪಂಪಿಗೆ ಬೆಸುಗೆ ಹಾಕುತ್ತಿದ್ದ. ಕಾಲೇಜು ಹುಡುಗಿಯರಿಬ್ಬರು ಕಿಟಕಿಯ ಗ್ರಿಲ್ಲು ಜೋಡಿಸುತ್ತಿದ್ದರು. ನಾರಾಯಣಪುರದ ಕಡೆಯ ಮೀನುಗಾರನೊಬ್ಬ ಹರಿಗೋಲಿಗೆ ಲಂಗರು ಮಾಡುತ್ತಾ, ಅದು ಲಂಗರಿನ ಬದಲು ದೊಡ್ಡ ಗಾಳದ ಹಾಗೆ ಆಗಿದೆ ಎಂದು ತಾನೇ ನಗುತ್ತಿದ್ದ.

"ಒಳಗ ಬರ್ರಿ ಅಮ್ಮಾರ, ಬಾಗಿಲದಾಗ ಯಾಕ ನಿಂತೀರಿ?" ಎಂದಳು ಒಬ್ಬ ಹೆಣ್ಣುಮಗಳು. ಅವಳೇ ಭಾಗ್ಯ, ಅಲ್ಲಿ ವೆಲ್ಡಿಂಗ್ ಕಲಿಸುವವಳು. ಅವಳಪ್ಪ ನಾರಾಯಣಪುರದ ಡ್ಯಾಮಿನಲ್ಲಿ ಫಿಟ್ಟರ್, ಬೆಳೆದದ್ದು ಅಲ್ಲಿಯ ಕ್ವಾಟ್ರಸ್‌ನಲ್ಲಿ.

"ಸುಮ್ಮ ನೋಡಾಕತ್ತೀನವ್ವ," ಅಂದೆ.

"ಇಲ್ಲಿ ನೋಡವರಿಗೂ ಕೈಗವಸು ಕೊಡತೀವ್ರಿ," ಅಂದಳು.

ಹಾಗೆ ಸಿಕ್ಕಿಬಿದ್ದೆ. ಅಲ್ಲಿಯ ಪದ್ಧತಿ ಹೀಗೆ: ನಿಮಗೆ ಏನು ಬೇಕೋ ಅದನ್ನು ನೀವೇ ಮಾಡಬೇಕು. ಪಕ್ಕದಲ್ಲಿ ಒಬ್ಬರು ನಿಂತಿರುತ್ತಾರೆ, ಹೇಳಿಕೊಡುತ್ತಾರೆ, ಬಿದ್ದರೆ ಹಿಡಿಯುತ್ತಾರೆ, ಆದರೆ ನಿಮ್ಮ ಕೈಯಿಂದ ಕೆಲಸ ಕಸಿದುಕೊಳ್ಳುವುದಿಲ್ಲ. ಇನ್ನೊಂದು ಪದ್ಧತಿ ನನಗೆ ಬಹಳ ಸೇರುತ್ತದೆ. ಕೆಟ್ಟುಹೋದ ಕೆಲಸವನ್ನು ಗುಜರಿಗೆ ಹಾಕುವುದಿಲ್ಲ, ಒಂದು ಗೋಡೆಗೆ ನೇತುಹಾಕುತ್ತಾರೆ, ಮಾಡಿದವರ ಹೆಸರು ಬರೆದು. ಭಾಗ್ಯಳದ್ದೇ ಅಲ್ಲಿ ಸಾಕಷ್ಟಿವೆ. ನನ್ನ ಮುಕ್ಕಾಲಿಯನ್ನೂ ಅಲ್ಲಿಗೇ ಕೇಳಿದರು. ನಾನು ಕೊಡಲಿಲ್ಲ, ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದೆ.

ಈಗ ಅಕ್ಕನ ವಿಷಯ. ನೀಲಕ್ಕನ ಖಾನಾವಳಿ ಎಂದರೆ ಶಹಾಪುರ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಯಾರು ಬೇಕಾದರೂ ಕೈ ಮಾಡಿ ತೋರಿಸುತ್ತಾರೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ, ಹಸಿ ಉಳ್ಳಾಗಡ್ಡಿ. ಬಸ್ಸಿನ ಡ್ರೈವರ್, ಕಂಡಕ್ಟರು, ಅಡತಿ ಅಂಗಡಿಯ ಗುಮಾಸ್ತರು, ಹತ್ತಿ ಮಾರಲು ಬಂದ ರೈತರು, ಎಲ್ಲರೂ ಅಲ್ಲಿಯೇ. ಭಾವ ತೀರಿಕೊಂಡ ಮೇಲೆ ಅಕ್ಕ ಒಲೆಯ ಮುಂದೆ ಕೂತಳು. ಅಲ್ಲಿಂದ ಎದ್ದದ್ದು ಹಬ್ಬಕ್ಕೂ ಅಪರೂಪ. ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎತ್ತಿ ಕೂತು, ಮೈಯ ಭಾರವನ್ನೆಲ್ಲ ಅಂಗೈಗೆ ತಂದು ಅವಳು ರೊಟ್ಟಿ ಬಡಿಯುವುದನ್ನು ನೋಡಬೇಕು ನೀವು. ಹಿಟ್ಟಿನುಂಡೆ ಅವಳ ಕೈಕೆಳಗೆ ತಿರುಗುತ್ತಾ ತಿರುಗುತ್ತಾ ಎಲೆಯಷ್ಟು ತೆಳ್ಳಗಾಗುತ್ತದೆ. ನಾನು ಬಡಿದರೆ ಭಾರತದ ನಕಾಶೆಯಾಗುತ್ತದೆ, ಅದೂ ಹರಿದದ್ದು.

ಆ ಮೊಣಕಾಲುಗಳೇ ಕೈಕೊಟ್ಟವು. ಮೊದಮೊದಲು ಎದ್ದೇಳುವಾಗ "ಅಯ್ಯಪ್ಪಾ" ಅನ್ನುತ್ತಿದ್ದಳು. ಆಮೇಲೆ ಗೋಡೆ ಹಿಡಿದಳು. ಆಮೇಲೆ ಯಾರಾದರೂ ಎತ್ತಬೇಕಾಯಿತು. ಜಗ್ಗಿ ಎಳೆದುಕೊಂಡು ಯಾದಗಿರಿಗೆ ಹೋದೆ. ಡಾಕ್ಟರು ಎಕ್ಸ್‌ರೇ ನೋಡಿ, "ಅಮ್ಮಾ, ಇನ್ನ ಮ್ಯಾಲ ನೆಲಕ್ಕ ಕುಂದರಂಗಿಲ್ಲ. ಭಾಳ ಹೊತ್ತು ನಿಂದರಂಗೂ ಇಲ್ಲ," ಅಂದರು.

"ಕುಂದರಂಗಿಲ್ಲ, ನಿಂದರಂಗಿಲ್ಲ. ಮತ್ತ ರೊಟ್ಟಿ ಜೋತಬಿದ್ದು ಬಡೀಲೇನ್ರಿ?"

"ರೊಟ್ಟಿ ಬಿಡ್ರಿ. ಇಷ್ಟು ದಿನ ದುಡದೀರಿ, ಆರಾಮ ಇರ್ರಿ."

ಹೊರಗೆ ಬಂದ ಮೇಲೆ ಅಕ್ಕ ಮಾತಾಡಲಿಲ್ಲ. ಅಕ್ಕ ಸುಮ್ಮನಿರುವುದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ, ನಿದ್ದೆಯಲ್ಲೂ ಯಾರಿಗಾದರೂ ಬೈಯುತ್ತಿರುತ್ತಾಳೆ. ಬಸ್ಸು ಭೀಮಾ ನದಿಯ ಸೇತುವೆ ಹತ್ತಿದಾಗ ಕಿಟಕಿಯ ಹೊರಗೆ ನೋಡುತ್ತಾ ಕೇಳಿದಳು: "ರೊಟ್ಟಿ ನಿಂತ್ರ ನಂದೇನು ಉಳೀತು, ಸರೂ? ಹೊರಸಿನ ಮ್ಯಾಲ ಕುಂತು, ಯಾರರ ತಂದು ಹಾಕಿದ್ದು ತಿನ್ನೋದು. ಅಷ್ಟಽ ಅಲ್ಲ?" ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಅದರಿಂದಲೇ ನನಗೆ ಇನ್ನೂ ಹೆದರಿಕೆಯಾಯಿತು.

ಬೇರೆ ದಾರಿ ನೋಡಲಿಲ್ಲ ಅಂತಲ್ಲ. ಕೆಲಸಕ್ಕೆ ಒಬ್ಬಳನ್ನು ಇಟ್ಟೆವು, ಅಕ್ಕ ಒಂದೇ ದಿನದಲ್ಲಿ ಬೈದು ಓಡಿಸಿದಳು. ರೊಟ್ಟಿ ಮಾಡುವ ಮಷೀನು ಬಂದಿದೆಯಲ್ಲ, ಅದನ್ನು ತೋರಿಸಿದೆ. "ಅದು ರೊಟ್ಟಿ ಅಲ್ಲ, ನಿನ್ನ ಪೋಸ್ಟಿನ ಕಾರ್ಡು," ಅಂದಳು. ಅಡುಗೆ ಕಟ್ಟೆಯ ಮುಂದೆ ನಿಂತು ಬಡಿದು ನೋಡಿದಳು. ಕಟ್ಟೆ ಎತ್ತರ, ಅಂಗೈಗೆ ಮೈಭಾರ ಬರಲಿಲ್ಲ, ರೊಟ್ಟಿ ದಪ್ಪವಾದವು. ಯಾವಾಗಲೂ ಬರುವ ಡ್ರೈವರ್ ಮಲ್ಲಣ್ಣ ಪಾಪ ತುಟಿ ಬಿಚ್ಚದೆ ತಿಂದ. ಅವನು ಏನಾದರೂ ಅಂದಿದ್ದರೆ ಅಕ್ಕ ಸಹಿಸುತ್ತಿದ್ದಳು. ಅವನು ಸುಮ್ಮನಿದ್ದದ್ದಕ್ಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನಗೆ ಗಿರಣಿ ನೆನಪಾಗಿದ್ದು ಆಗ. ಕುರ್ಚಿಯ ಮೇಲೆ ಕೂತು ಬಡಿಯುವಂಥ ಒಂದು ಒಲೆ-ಕಟ್ಟೆ ಮಾಡಿದರೆ? ಭಾಗ್ಯಳಿಗೆ ಹೇಳಿದೆ. ಅವಳು ಖುಷಿಯಾಗಿ, "ಮಾಡೂನ್ರಿ ಅಮ್ಮಾರ. ದೊಡ್ಡಮ್ಮನ ಅಳತಿ ತಗೊಂಡ ಬರ್ರಿ," ಅಂದಳು.

ಅಳತೆ! ಅಲ್ಲೇ ಇತ್ತು ನೋಡಿ ಗಂಟು. ನಮ್ಮವರಲ್ಲಿ ಸತ್ತವರನ್ನು ಹೂಳುತ್ತಾರೆ. ಕುಣಿ ತೋಡುವಾಗ ತೀರಿಕೊಂಡವರ ಪಾದದಿಂದಲೇ ಅಳತೆ ತೆಗೆಯುತ್ತಾರೆ. ಅದಕ್ಕೇ ಬದುಕಿದ್ದವರಿಗೆ ದಾರ ಹಿಡಿಯಬಾರದು ಎಂದು ಅಕ್ಕನ ಹಟ. ರವಿಕೆ ಹೊಲಿಸುವಾಗಲೂ ಹಳೆಯ ರವಿಕೆ ಕೊಟ್ಟು ಕಳಿಸುತ್ತಾಳೆಯೇ ಹೊರತು ಟೇಪು ಮುಟ್ಟಿಸಿಕೊಂಡವಳಲ್ಲ. ನಾನು ದಾರ ಹಿಡಿದು ಹತ್ತಿರ ಹೋದದ್ದೇ ತಡ, "ಏನವ್ವ, ಕುಣಿ ತೋಡಾಕ ಆಳು ಹೇಳಿ ಬಂದೀಯೇನು?" ಎಂದು ಅಬ್ಬರಿಸಿದಳು. ನಾನು ದಾರವನ್ನು ಕಿಸೆಯಿಲ್ಲದ ಸೀರೆಯಲ್ಲಿ ಎಲ್ಲಿ ಬಚ್ಚಿಡಲಿ ಎಂದು ತಿಳಿಯದೆ ಬಾಯಿಗೆ ಹಾಕಿಕೊಂಡೆ.

ಆಮೇಲೆ ಕಳ್ಳತನದಿಂದ ಅಳೆದೆ. ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಅಕ್ಕ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಾಳೆ. ಬೆಕ್ಕಿನ ಹಾಗೆ ಹೋಗಿ ನೆಲದಿಂದ ಅವಳ ಮೊಣಕೈವರೆಗೆ ದಾರ ಹಿಡಿದು ಗಂಟು ಹಾಕಿಕೊಂಡು ಬಂದೆ. ಗಿರಣಿಯಲ್ಲಿ ಆ ಗಂಟನ್ನು ಭಾಗ್ಯಳಿಗೆ ತೋರಿಸಿದಾಗ ನನಗೆ ಎಷ್ಟು ಹೆಮ್ಮೆ ಅಂತೀರಿ. ಕಬ್ಬಿಣದ ಆ್ಯಂಗಲ್ ಪಟ್ಟಿ ಕತ್ತರಿಸಿದೆ, ಕಾಲು ಜೋಡಿಸಿದೆ, ಮೇಲೆ ಕಬ್ಬಿಣದ ಹಾಳೆ ಕೂಡಿಸಿದೆ. ಬೆಸುಗೆ ಅಲ್ಲಲ್ಲಿ ಗುಳ್ಳೆ ಎದ್ದಿತ್ತು, ಆದರೆ ಮಜಬೂತಾಗಿತ್ತು. ಈ ಸಲ ವಾಲಲೂ ಇಲ್ಲ.

ಮರುದಿನ ಬೆಳಿಗ್ಗೆ ಆಟೋದಲ್ಲಿ ಹೇರಿಕೊಂಡು ಖಾನಾವಳಿಗೆ ಹೋದೆ. ಅಕ್ಕ ಅದನ್ನು ಸುತ್ತ ನೋಡಿದಳು. ಕುರ್ಚಿ ಎಳೆದುಕೊಂಡು ಕೂತಳು. ಹಿಟ್ಟು ತೆಗೆದುಕೊಂಡು ಒಂದೇಟು ಹಾಕಿದಳು. ಢಣ್ಣ್! ಎರಡನೆಯ ಏಟು, ಢಣ್ಣ್! ತೆಳ್ಳನೆಯ ಹಾಳೆ, ಕೆಳಗೆ ಆಸರೆ ಇಲ್ಲ. ಇಡೀ ಓಣಿಗೆ ಶಾಲೆಯ ಗಂಟೆ ಬಾರಿಸಿದಂತಾಯಿತು. ಎದುರು ಮನೆಯ ಮಕ್ಕಳು ಪಾಟೀಚೀಲ ಹಿಡಿದು ನಿಜವಾಗಿಯೂ ಹೊರಗೆ ಓಡಿಬಂದವು. ನನಗೆ ನಗು ತಡೆಯಲಾಗಲಿಲ್ಲ.

ಅಕ್ಕ ನಗಲಿಲ್ಲ. ಅವಳು ಇನ್ನೂ ಬಡಿಯುತ್ತಲೇ ಇದ್ದಳು. ಕಟ್ಟೆ ಬಹಳ ತಗ್ಗಾಗಿತ್ತು. ತೂಕಡಿಸುವ ಹೆಂಗಸಿನ ಮೊಣಕೈ ಎಲ್ಲಿ, ರೊಟ್ಟಿ ಬಡಿಯುವವಳ ಮೊಣಕೈ ಎಲ್ಲಿ! ಅದೂ ಅಲ್ಲದೆ ಬಡಿಯುವಾಗ ನಮ್ಮ ಕಡೆಯ ಹೆಂಗಸರು ಕೂತಲ್ಲೇ ಸ್ವಲ್ಪ ಮೇಲೆದ್ದು ಏಟು ಹಾಕುತ್ತಾರೆ. ಹುಟ್ಟಿದಾಗಿನಿಂದ ದಿನಾ ನೋಡಿದ್ದು, ಅದಕ್ಕೇ ನನಗಾಗಲೀ ಭಾಗ್ಯಳಿಗಾಗಲೀ ತಲೆಗೆ ಬರಲೇ ಇಲ್ಲ. ಅಕ್ಕ ಬಾಗಿ ಬಾಗಿ ಬಡಿದಳು. ರೊಟ್ಟಿ ಅಂಚಿನಲ್ಲಿ ಹರಿಯಿತು. ಉಂಡೆ ಮಾಡಿ ಮತ್ತೆ ಬಡಿದಳು. ಮತ್ತೆ ಹರಿಯಿತು. ಹಿಟ್ಟಿನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಇದರ ಎತ್ತರ ಎಲ್ಲಿಂದ ತಂದಿ?" ಎಂದು ಕೇಳಿದಳು.

ನನ್ನ ಮುಖವೇ ಎಲ್ಲ ಹೇಳಿತು ಅಂತ ಕಾಣುತ್ತದೆ.

"ನಾ ಮಲಗಿದಾಗ ದಾರ ಹಿಡದೀ?"

"ನಿನ್ನ ಸಲುವಾಗೇ ಅಕ್ಕಾ..."

"ನಡಿ ಆ ನಿನ್ನ ಗಿರಣಿಗಿ. ಆಟೋ ಕರಿ. ನಿನಗ ಕಲಸೋ ಆ ಹುಡುಗಿಗಿ ನಾನೇ ಕೇಳತೀನಿ," ಎಂದು ಗೋಡೆ ಹಿಡಿದು ಎದ್ದಳು.

ದಾರಿಯುದ್ದಕ್ಕೂ ನನ್ನನ್ನು ಬೈದಳು. ಆಟೋದವನು ಕನ್ನಡಿಯಲ್ಲಿ ನೋಡಿದ, ಅವನಿಗೂ ಒಂದು ಪಾಲು ಸಿಕ್ಕಿತು. ಗಿರಣಿಯ ದೊಡ್ಡ ಬಾಗಿಲನ್ನು ದಾಟಿ ಒಳಗೆ ಕಾಲಿಟ್ಟಾಗ ಮಾತ್ರ ಅರೆಗಳಿಗೆ ನಿಂತು ಮೇಲೆ ಮಾಡಿನ ಕಡೆ ನೋಡಿದಳು. ಅಪ್ಪನ ನೆನಪಾಯಿತೇನೋ. ಅಷ್ಟರಲ್ಲಿ ಭಾಗ್ಯ ಎದುರಿಗೆ ಬಂದಳು, ಅಕ್ಕನ ಬಾಯಿ ತೆರೆಯಿತು.

"ಯಾರವ್ವ ನೀ, ಜೀವಂತ ಇದ್ದವರಿಗಿ ಅಳತಿ ತಗೀರಿ ಅಂತ ಹೇಳಾಕಿ?"

"ನಾನೇ ದೊಡ್ಡಮ್ಮ. ತಪ್ಪಾತು, ನಿಮ್ಮನ್ನ ಕೇಳೇ ತಗೀಬೇಕಿತ್ತು," ಅಂದಳು ಭಾಗ್ಯ. "ಆದ್ರ ಅಳತಿ ಇಲ್ದ ಕಬ್ಬಣ ಹ್ಯಾಂಗ ಕತ್ತರಸಲಿ?"

"ಕಬ್ಬಣ ಕತ್ತರಸೋ ನಿಮಗೇನು ಗೊತ್ತ ರೊಟ್ಟಿ? ರೊಟ್ಟಿ ಕುಂತು ಬಡ್ಯಾದಲ್ಲ, ನಿಂತು ಬಡ್ಯಾದಲ್ಲ. ಹಿಂಗ ಏಳಬೇಕು, ಹಿಂಗ ಬೀಳಬೇಕು!" ಬೈಯುತ್ತಾ ಬೈಯುತ್ತಾ ಅಕ್ಕನ ಮೊಣಕಾಲು ಸೋತವು. ಪಕ್ಕದಲ್ಲಿ ಎತ್ತರದ ಒಂದು ಖಾಲಿ ಡ್ರಮ್ಮು ಇತ್ತು. ಅದರ ಅಂಚಿಗೆ ಸೊಂಟ ಆನಿಸಿ, ಅರ್ಧ ಕೂತು ಅರ್ಧ ನಿಂತು, ಮುಂದಿದ್ದ ಕೆಲಸದ ಬೆಂಚಿನ ಮೇಲೆ ಬರಿಗೈಯಲ್ಲಿ ಬಡಿದು ತೋರಿಸತೊಡಗಿದಳು. ಪಟ, ಪಟ, ಪಟ. ಅದೇ ಸದ್ದು. ನನಗೆ ಗೊತ್ತಾಯಿತು, ಭಾಗ್ಯಳಿಗೂ ಗೊತ್ತಾಯಿತು.

"ದೊಡ್ಡಮ್ಮ, ಹಂಗೇ ಇರ್ರಿ! ಅಳ್ಳಾಡಬ್ಯಾಡ್ರಿ!"

ಭಾಗ್ಯ ಟೇಪು ತೆಗೆದಳು. ಅದನ್ನು ನೋಡಿ ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಗಿರಣಿಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ಇತ್ತ ನೋಡುತ್ತಿದ್ದರು. ಅಕ್ಕ ಹೆದರಿದ್ದಳು. ನನ್ನ ಅಕ್ಕ, ಕುಡಿದು ಬಂದ ಗಿರಾಕಿಯನ್ನು ಸೌಟು ಹಿಡಿದು ಓಡಿಸುವವಳು, ಒಂದು ಟೇಪಿಗೆ ಹೆದರಿ ಬಿಳಿಚಿಕೊಂಡಿದ್ದಳು. ಅವಳಿಗೆ ಹಟ ಅಂತ ನಾನು ಇಷ್ಟು ದಿನ ತಿಳಿದುಕೊಂಡಿದ್ದೆ. ಹಟ ಅಲ್ಲ. ರೊಟ್ಟಿ ನಿಂತರೆ ಮುಂದಿನದು ಕುಣಿಯೇ ಎಂದು ಅವಳ ಮನಸ್ಸಿನಲ್ಲಿ ಆಗಲೇ ಕೂತುಬಿಟ್ಟಿತ್ತು.

"ಅಕ್ಕಾ, ಬ್ಯಾಡಾದ್ರ ಬ್ಯಾಡ ಬಿಡು. ಮನಿಗಿ ಹೋಗೂನು," ಅಂದೆ.

ಅವಳು ನನ್ನನ್ನು ನೋಡಿದಳು. ಡ್ರಮ್ಮಿನ ಅಂಚು ನೋಡಿದಳು. ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

"ತಗೋ ಅಳತಿ," ಎಂದಳು ಭಾಗ್ಯಳಿಗೆ. "ಬಾಯಿಬಿಟ್ಟು ಹೇಳಿ ತಗೋ. ಕುಣಿಗಲ್ಲ, ಒಲಿಗಿ ಅಂತ ಹೇಳಿ ತಗೋ."

ಭಾಗ್ಯ ನಗಲಿಲ್ಲ. ತಲೆಯ ಮೇಲೆ ಸೆರಗಿಲ್ಲದಿದ್ದರೂ ಹೊದ್ದುಕೊಂಡವಳ ಹಾಗೆ ಬಗ್ಗಿ, ದೊಡ್ಡ ದನಿಯಲ್ಲಿ, "ಒಲಿಗಿ ದೊಡ್ಡಮ್ಮ, ಒಲಿಗಿ," ಅನ್ನುತ್ತಾ ನೆಲದಿಂದ ಸೊಂಟಕ್ಕೆ, ಸೊಂಟದಿಂದ ಅಂಗೈಗೆ ಟೇಪು ಹಿಡಿದಳು. ಲಂಗರಿನ ಮೀನುಗಾರ ಸುಣ್ಣದ ಕಡ್ಡಿ ತಂದು ಬೆಂಚಿನ ಮೇಲೆ ಗುರುತು ಹಾಕಿದ. ಅಷ್ಟೂ ಹೊತ್ತು ಅಕ್ಕ ಕಣ್ಣು ಮುಚ್ಚಿಕೊಂಡು ನನ್ನ ಮುಂಗೈ ಹಿಡಿದಿದ್ದಳು. ಅವಳ ಉಗುರಿನ ಗುರುತು ಸಂಜೆಯವರೆಗೂ ಇತ್ತು.

ಮುಂದಿನ ಕೆಲಸವನ್ನು ನಾನು ಮಾಡುತ್ತೇನೆ ಎಂದು ಕೈಗವಸು ಹಾಕಿಕೊಂಡೆ. ಭಾಗ್ಯ ನನ್ನನ್ನು ತಡೆದಳು. "ನಿಮಗ ಬೇಕಾದದ್ದಲ್ಲ ಇದು. ದೊಡ್ಡಮ್ಮಗ ಬೇಕಾದದ್ದು," ಅಂದಳು. ಪದ್ಧತಿ ಅಂದರೆ ಪದ್ಧತಿ. ಅಕ್ಕ ಒಲ್ಲೆ ಅನ್ನುತ್ತಾಳೆ ಅಂದುಕೊಂಡೆ. ಅವಳು ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, "ಎಲ್ಲಿ ಹಿಡೀಬೇಕ ತೋರಸು," ಅಂದಳು.

ಮುಖಕ್ಕೆ ಕಪ್ಪು ಗಾಜಿನ ಹೆಲ್ಮೆಟ್ ಹಾಕಿದರು. "ಏನೂ ಕಾಣವಲ್ದಲ್ಲೇ!" ಎಂದು ಒಳಗಿನಿಂದ ಕೂಗಿದಳು. ಮೊದಲ ಸಲ ವೆಲ್ಡಿಂಗ್ ರಾಡು ಕಬ್ಬಿಣಕ್ಕೆ ಅಂಟಿಕೊಂಡಿತು. ಹಾಳಾದದ್ದೇ, ಮುದಿಗೊಡ್ಡೇ ಎಂದು ಅದಕ್ಕೆ ಬೈದು ಕಿತ್ತಳು. ಎರಡನೆಯ ಸಲವೂ ಅಂಟಿತು. ಅದರ ಅಪ್ಪನಿಗೂ ಬೈದಳು. ಆಮೇಲೆ ಒಂದು ಸಲ ಹತ್ತಿಕೊಂಡಿತು ನೋಡಿ, ಝರ್ರನೆ ಬೆಳಕು ಬಂತು, ಅಕ್ಕನ ಬೈಗುಳ ನಿಂತಿತು. ಹೆಲ್ಮೆಟ್ ಎತ್ತಿ ಬೆಸುಗೆಯನ್ನು ನೋಡಿದಳು. ವಕ್ರವಾಗಿತ್ತು, ಗಂಟು ಗಂಟಾಗಿತ್ತು, ನನ್ನದಕ್ಕಿಂತ ಕೆಟ್ಟದಾಗಿತ್ತು. ಇದು ನನಗೆ ಎಷ್ಟು ಸಂತೋಷ ಕೊಟ್ಟಿತು ಅಂದರೆ, ನೀವು ನನ್ನನ್ನು ಕೆಟ್ಟವಳು ಅಂದರೂ ಪರವಾಗಿಲ್ಲ. ಅಕ್ಕನಿಗೆ ಬಾರದ್ದೊಂದು ನನಗೆ ಬರುತ್ತದೆ ಅನ್ನಿಸಿದ್ದು ಜನ್ಮದಲ್ಲಿ ಅದೇ ಮೊದಲು. ಆ ಸಂತೋಷ ಒಂದು ವಾರ ಬಾಳಿತು. ಅಷ್ಟರಲ್ಲಿ ಅವಳು ನನ್ನನ್ನು ಹಿಂದೆ ಹಾಕಿದ್ದಳು.

ಕೊನೆಗೆ ತಯಾರಾದದ್ದು ಹೀಗಿತ್ತು. ಪೈಪಿನ ಕಾಲುಗಳ ಮೇಲೆ ಹಳೆಯ ಸೈಕಲ್ಲಿನ ಅಗಲವಾದ ಸೀಟು, ಸ್ವಲ್ಪ ಮುಂದಕ್ಕೆ ಇಳಿಜಾರು. ಕಾಲಿಡಲು ಒಂದು ಅಡ್ಡಪಟ್ಟಿ. ಎದುರಿಗೆ ಕಟ್ಟೆ, ಅದರ ಮೇಲೆ ಸದ್ದು ಮಾಡದ ದಪ್ಪ ಬೇವಿನ ಹಲಗೆ. ಪಕ್ಕದಲ್ಲಿ ಅದೇ ಎತ್ತರಕ್ಕೆ ಒಲೆ. ಮೊದಲ ದಿನ ಅಕ್ಕ ಅದರ ಮೇಲೆ ಆನಿಕೊಂಡು ರೊಟ್ಟಿ ಬಡಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ರೊಟ್ಟಿ ತಿರುಗಿತು, ತೆಳುವಾಯಿತು, ಹರಿಯಲಿಲ್ಲ. ಹಂಚಿನ ಮೇಲೆ ಬಿದ್ದು ಉಬ್ಬಿತು. ಮಲ್ಲಣ್ಣ ಮೊದಲ ತುತ್ತು ತಿಂದು, "ಅಕ್ಕಾರ, ಇವತ್ತ ಹಿಂಡಿಗಿ ಉಪ್ಪು ಕಮ್ಮಿ ಅದ ನೋಡ್ರಿ," ಅಂದ. ಮತ್ತೆ ದೂರು ಹೇಳುವ ಧೈರ್ಯ ಅವನಿಗೆ ಬಂದಿತ್ತು. ಅಕ್ಕ ಅವನಿಗೆ ಬಾಯಿ ತುಂಬ ಬೈದಳು. ನಾನು ಹಿತ್ತಲಿಗೆ ಹೋಗಿ ಅತ್ತುಬಂದೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಓಣಿಯಲ್ಲಿ ಮೊಣಕಾಲು ನೋವು ಅಕ್ಕನೊಬ್ಬಳಿಗೇ ಅಲ್ಲ. ಗೋಗಿಯಿಂದ ದಿನಾ ಟಂಟಂ ಹತ್ತಿ ಬಂದು ಮದುವೆ ಮನೆಗಳಿಗೆ ರೊಟ್ಟಿ ಮಾಡಿಕೊಡುವ ಸಿದ್ದಮ್ಮ ಅದನ್ನು ನೋಡಿದಳು, ಕೂತಳು, ಎದ್ದಳು, ಮತ್ತೆ ಕೂತಳು. "ನನಗೂ ಒಂದು ಮಾಡಿಕೊಡು ನೀಲಕ್ಕಾ," ಅಂದಳು.

"ಮಾಡಿ ಕೊಡಂಗಿಲ್ಲ," ಅಂದಳು ಅಕ್ಕ. "ಬಾ, ಕಲಸತೀನಿ."

ಹಾಗೆ ಶುರುವಾಯಿತು ಬುಧವಾರದ ಪದ್ಧತಿ. ಕಳೆದ ಬುಧವಾರ ಮಧ್ಯಾಹ್ನ ನಾನು ಹೋದಾಗ ಖಾನಾವಳಿಯ ಬಾಗಿಲಿಗೆ ಬೀಗ. ಕಟ್ಟೆಯ ಮೇಲೆ ಮಲ್ಲಣ್ಣ, ಅಡತಿ ಗುಮಾಸ್ತರು, ಇನ್ನೂ ಕೆಲವರು ಮುಖ ಊದಿಸಿಕೊಂಡು ಕೂತಿದ್ದರು. "ನೀವರ ಹೇಳ್ರಿ ಅಕ್ಕಾರಿಗಿ. ಸಂಕ್ರಮಣಕ್ಕೂ ಬಾಗಲ ಹಾಕದವರು ಈಗ ವಾರಕ್ಕೊಮ್ಮಿ ಹಾಕಾಕತ್ತಾರ. ನಾವು ಉಪಾಸ ಸಾಯಬೇಕೇನ್ರಿ?" ಎಂದು ಮಲ್ಲಣ್ಣ ನನ್ನ ಮೇಲೆ ಹರಿಹಾಯ್ದ. ಅವರ ಪರವಾಗಿ ನಾನು ವಕೀಲಳ ಹಾಗೆ ಗಿರಣಿಗೆ ಹೋದೆ.

ಅಕ್ಕ ಸಿದ್ದಮ್ಮನ ಪಕ್ಕದಲ್ಲಿ ನಿಂತಿದ್ದಳು, ಹೆಲ್ಮೆಟ್ ಹಣೆಯ ಮೇಲೆ ಎತ್ತಿಕೊಂಡು. ಸಿದ್ದಮ್ಮನ ಸೊಂಟಕ್ಕೆ ಅವಳೇ ಟೇಪು ಹಿಡಿದಿದ್ದಳು. "ಒಲಿಗೇ, ಒಲಿಗಿ. ಅಂಜಬ್ಯಾಡ," ಅನ್ನುತ್ತಿದ್ದಳು.

"ಅಕ್ಕಾ, ಬಾಗಲದಾಗ ಮಂದಿ ಹಸಗೊಂಡು ಕುಂತಾರ," ಅಂದೆ.

ಅಕ್ಕ ಟೇಪು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಒಂದ ದಿನ ಅನ್ನ ಉಣ್ರಿ ಅಂತ ಹೇಳು ಅವ್ರಿಗಿ," ಅಂದಳು. "ನಾ ಕೆಲಸದಾಗ ಅದೀನಿ."

ಕತ್ತನ್ನು ಒಮ್ಮೆ ಕೆ‍ಳಗೆ ಝಾಡಿಸಿದಳು. ಹೆಲ್ಮೆಟ್ ಮುಖದ ಮೇಲೆ ಬಿತ್ತು.